ಮಾಳಿಗೆಯ ಮೇಲಿನ ಮಣ್ಣು

ಬಿಬವೇವಾಡಿ, ಪುಣೆ
ಶನಿವಾರ, ೧೪ ಜೂನ್ ೨೦೨೫

ಅಪ್ಪಾ,

ನಿಮ್ಮ ದೀಪಾಲಿಯ ಶರಣು. ಕೈ ಹೇಗಿವೆ? ಮೊದಲು ಅದನ್ನೇ ಕೇಳುತ್ತೇನೆ, ಯಾಕೆಂದರೆ ಊರಿನಿಂದ ಶಿವಪುತ್ರಪ್ಪ ಕಾಕಾ ಫೋನ್ ಮಾಡಿದಾಗ ಮೊದಲು ಹೇಳಿದ್ದೂ ಅದನ್ನೇ. ಭೂಕಂಪದಲ್ಲಿ ಬಿದ್ದ ಹಳೇ ಊರಿಗೆ ದಿನಾ ಬೆಳಿಗ್ಗೆ ಹೋಗುತ್ತೀರಂತೆ, ನಮ್ಮ ಮನೆ ಇದ್ದ ಜಾಗದಲ್ಲಿ ಬರಿಗೈಯಿಂದ ಕಲ್ಲು ತೆಗೆಯುತ್ತೀರಂತೆ, ಬೆರಳೆಲ್ಲ ಒಡೆದಿವೆಯಂತೆ. ಔಷಧ ಹಚ್ಚಿಕೊಂಡಿರಾ? ರಕ್ತದೊತ್ತಡದ ಗುಳಿಗೆ ಇಲ್ಲೇ ಬಿಟ್ಟು ಹೋಗಿದ್ದೀರಿ, ಫೋನನ್ನೂ ಅದರ ಪಕ್ಕದಲ್ಲಿಟ್ಟು ಹೋಗಿದ್ದೀರಿ. ಅದಕ್ಕೇ ಈ ಕಾಗದ. ಹೊಸ ಊರಿನ ಕಾಕಾನ ಮನೆಯ ವಿಳಾಸಕ್ಕೆ ಗುಳಿಗೆಯ ಜೊತೆ ಕಳಿಸುತ್ತೇನೆ, ನಿಮಗೆ ರೊಟ್ಟಿ ತರುವಾಗ ಇದನ್ನೂ ತಂದುಕೊಡುತ್ತಾನೆ. ರೊಟ್ಟಿ ಅರ್ಧ ತಿಂದು ಅರ್ಧ ನಾಯಿಗೆ ಹಾಕುತ್ತೀರಿ ಅಂತಲೂ ಹೇಳಿದ. ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ, ಹಳೇ ಊರಿನ ಬಾವಿಗೆ ಮುಚ್ಚಳ ಇದೆಯಾ ಅಂತ. ಯಾಕೆ ಕೇಳಿದೆ ಅಂತ ಅವನಿಗೆ ತಿಳಿಯಿತು. 'ಇವತ್ತಽ ತಗಡ ಹೊಚ್ಚಸ್ತೀನಿ ತಂಗಿ' ಅಂದ. ಅಪ್ಪಾ, ನಾನು ಇಂಥ ಪ್ರಶ್ನೆ ಕೇಳಬೇಕಾದ ದಿನ ಬರುತ್ತದೆ ಅಂತ ಎಣಿಸಿರಲಿಲ್ಲ.

ಇಲ್ಲಿ ಮಳೆ ಈ ಸಲ ಬೇಗನೆ ಹಿಡಿದಿದೆ. ಲೋಣಾವಳಾದ ಕಡೆಯಿಂದ ಬರುವ ಗಾಡಿಗಳೆಲ್ಲ ತಡವಾಗುತ್ತಿವೆ ಅಂತ ಅಮ್ಮನ ಆಫೀಸಿನವರು ಗೊಣಗುತ್ತಿದ್ದಾರೆ. ನೀವು ಅರ್ಧ ಕೆಲಸ ಬಿಟ್ಟುಹೋದ ಸೊಸೈಟಿಯ ಸೆಕ್ರೆಟರಿ ದಿನಾ ಬಾಗಿಲಿಗೆ ಬರುತ್ತಾರೆ. ಛತ್ತಿನ ಹಳೇ ಪದರ ಕಿತ್ತು ಹಾಕಿ ಹೊಸದು ಹಾಕದೆ ಹೋದರೆ ಹೇಗೆ, ಮೇಲಿನ ಮನೆಯವರು ಹಾಸಿಗೆಯ ಮೇಲೆ ಬಕೆಟ್ ಇಟ್ಟುಕೊಂಡು ಮಲಗುತ್ತಿದ್ದಾರೆ ಅಂತ ಮರಾಠಿಯಲ್ಲಿ ಕೂಗಾಡುತ್ತಾರೆ. 'ಹಳೇದರ ಮ್ಯಾಲ ಹಾಕಿ ಮುಗಿಸ್ರಿ ಅಂತ ಮೊದಲಽ ಹೇಳಿದ್ದೆ, ನಿಮ್ಮ ಮನಿಯವ್ರು ಕೇಳಲಿಲ್ಲ' ಅನ್ನುವುದನ್ನು ಅವರ ಮರಾಠಿಯಿಂದ ಕನ್ನಡಕ್ಕೆ ತಿರುಗಿಸಿ ಅಜ್ಜಿಗೆ ಹೇಳಿದವಳು ಅಮ್ಮ. ನೀವು ಹೋದಾಗಿನಿಂದ ಅಜ್ಜಿ ಮಾತಾಡಿಲ್ಲ ಅಪ್ಪಾ. ಸಿಟ್ಟು ಅಲ್ಲ, ಅಳುವೂ ಅಲ್ಲ. ಗ್ಯಾಲರಿಯಲ್ಲಿ ಕೂತು ಮಾರ್ಕೆಟ್ಟಿನ ಕಡೆ ನೋಡುತ್ತಾಳೆ. ಕರೆದರೆ ತಿರುಗುತ್ತಾಳೆ, ಕೊಟ್ಟರೆ ಉಣ್ಣುತ್ತಾಳೆ, ಮಾತು ಮಾತ್ರ ಇಲ್ಲ.

ಈ ಸೆಕ್ರೆಟರಿಯಂಥವರ ಜೊತೆ ನೀವು ಜಗಳಾಡುವುದನ್ನು ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಇಡೀ ಪುಣೆಯಲ್ಲಿ ಸೋರುವ ಛತ್ತು ರಿಪೇರಿ ಮಾಡುವವರೆಲ್ಲ ಹಳೆಯದರ ಮೇಲೆ ಹೊಸ ಪದರ ಹಾಕಿ ಎರಡು ದಿನದಲ್ಲಿ ಕೈ ತೊಳೆದುಕೊಳ್ಳುತ್ತಾರೆ. ನೀವು ಮಾತ್ರ 'ಮೊದಲ ಹಳೇದು ಇಳಸ್ರಿ, ಆಮ್ಯಾಲ ಹೊಸಾದು, ಮನಿ ಮ್ಯಾಲ ವಜ್ಜಿ ಭಾರ ಹೇರಬ್ಯಾಡ್ರಿ' ಅಂತ ಹಟ ಹಿಡಿದು ಎಷ್ಟೋ ಕೆಲಸ ಕಳೆದುಕೊಂಡಿರಿ. ಕುರಕುಂಭದ ಕಾರ್ಖಾನೆಯ ಶೆಡ್ಡಿನ ಕೆಲಸ ಹಾಗೆಯೇ ಹೋಯಿತು. 'ನಿಮ್ಮಪ್ಪಗ ಛತ್ತಿನ ಮ್ಯಾಲ ಇರೂ ಪ್ರೀತಿ, ಛತ್ತಿನ ಕೆಳಗ ಇರೋ ಹೆಂಡ್ತಿ ಮ್ಯಾಲ ಇಲ್ಲ ನೋಡವ' ಅಂತ ಅಮ್ಮ ನಗಾಡುತ್ತಿದ್ದಳು. ನಾನೂ ನಗುತ್ತಿದ್ದೆ. ಆ ಹಟ ಎಲ್ಲಿಂದ ಬಂತು ಅಂತ ನನಗೆ ಗೊತ್ತಿರಲಿಲ್ಲ. ಅಮ್ಮನಿಗೆ ಗೊತ್ತಿತ್ತು, ಆದರೂ ನಗುತ್ತಿದ್ದಳು, ನಿಮ್ಮನ್ನು ನಗಿಸಲಿಕ್ಕೆ.

ನಾನು ಮಾಡಿದ್ದು ಏನು ಅಂತ ನಿಮಗೆ ನನ್ನ ಬಾಯಿಂದ ಸರಿಯಾಗಿ ಹೇಳಲು ಆಗಲೇ ಇಲ್ಲ, ನೀವು ಬೆಳಗಾಗುವುದರೊಳಗೆ ಹೊರಟುಬಿಟ್ಟಿರಿ. ಅದನ್ನು ಬರೆಯುತ್ತೇನೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳಿಗೆ ಕಳಿಸುವ ಭೂಕಂಪ ಮತ್ತು ಸುನಾಮಿಯ ಪ್ರದರ್ಶನದ ಫಲಕಗಳನ್ನು ಕನ್ನಡ ಮಾಡುವ ಕೆಲಸ ಸಿಕ್ಕಿತಲ್ಲ, ಕನ್ನಡ ಎಂ.ಎ. ಮಾಡಿ ಪುಣೆಯಲ್ಲಿ ಏನು ಮಾಡುತ್ತೀ ಅನ್ನುತ್ತಿದ್ದವರೆಲ್ಲ ಬಾಯಿ ಮುಚ್ಚಿದರಲ್ಲ, ಆಗ ಅತ್ಯಂತ ಸಂತೋಷಪಟ್ಟವರು ನೀವು. ಅಜ್ಜಿಗೆ ತಿಳಿದರೆ ಶಾಲೆಯ ಮಕ್ಕಳಿಗೂ ತಿಳಿಯುತ್ತದೆ ಅಂತ ದಿನಾ ಸಂಜೆ ಒಂದೊಂದು ಫಲಕ ಅವಳಿಗೆ ಓದಿಹೇಳುತ್ತಿದ್ದೆ. ಆದರೆ ನನ್ನ ಮನಸ್ಸಿನಲ್ಲಿ ಇನ್ನೊಂದು ಆಸೆಯಿತ್ತು. ಮಗಳು ಪ್ರೇಮಾವತಿಯ ಕೆಮ್ಮು ವಾಸಿಯಾದರೆ ಸೀಗಿ ಹುಣ್ಣಿಮೆಗೆ ತುಳಜಾಪುರಕ್ಕೆ ನಡೆದು ಬರುತ್ತೇನೆ ಅಂತ ಹರಕೆ ಹೊತ್ತು ಬಸ್ಸಿನಲ್ಲಿ ಹೋದೆ, ಅಂಬಾಬಾಯಿ ಸಿಟ್ಟಾಗಿ ಮರುವರ್ಷ ಭೂಮಿ ನಡುಗಿಸಿದಳು, ಮಗಳನ್ನೂ ಗಂಡನನ್ನೂ ಕಿತ್ತುಕೊಂಡಳು ಅನ್ನುತ್ತಾಳಲ್ಲ ಅಜ್ಜಿ, ಆ ಮಾತನ್ನು ಅವಳ ತಲೆಯಿಂದ ತೆಗೆಯಬೇಕು ಅಂತ. ಮೂವತ್ತೆರಡು ವರ್ಷದಿಂದ ಪ್ರತಿ ಸೀಗಿ ಹುಣ್ಣಿಮೆಗೆ ನೀರು ಕೂಡ ಮುಟ್ಟದೆ ಕೂರುತ್ತಾಳಲ್ಲ, ಅದನ್ನು ನಿಲ್ಲಿಸಬೇಕು ಅಂತ. ಅದೇ ದಿನ ನೀವೂ ಕೆಲಸದ ನೆಪ ಹೇಳಿ ಊಟ ಬಿಡುತ್ತಿದ್ದುದನ್ನು ನಾನು ಗಮನಿಸಿದ್ದೆ ಅಪ್ಪಾ. ತಾಯಿಯ ಮೇಲಿನ ಪ್ರೀತಿ ಅಂದುಕೊಂಡಿದ್ದೆ.

ಎಷ್ಟು ಚೆಂದ ಕೇಳುತ್ತಿದ್ದಳು ಅಜ್ಜಿ. ನಮ್ಮ ದೇಶ ಹೊತ್ತ ನೆಲದ ದೊಡ್ಡ ಹಲಗೆ ದಕ್ಷಿಣದ ಯಾವುದೋ ಭೂಮಿಯಿಂದ ಬಿಟ್ಟು ಬಂದು, ಕೋಟಿಗಟ್ಟಲೆ ವರ್ಷ ತೇಲಿ, ಉತ್ತರದ ನೆಲಕ್ಕೆ ಗುದ್ದಿದಾಗ ಹಿಮಾಲಯ ಎದ್ದಿತು, ಇನ್ನೂ ತಳ್ಳುತ್ತಲೇ ಇದೆ ಅಂತ ಓದಿದಾಗ, 'ಅಂದ್ರ ನಾವ್ ಕುಂತಲ್ಲೇ ಕಾಶಿಯಾತ್ರಿ ಮಾಡಾಕ ಹತ್ತೀವಿ ಅನ್ನು' ಅಂದಳು. ಸುಮಾತ್ರದ ಬಳಿ ಸಮುದ್ರದ ಅಡಿಯಲ್ಲಿ ಒಂದು ಹಲಗೆ ಇನ್ನೊಂದರ ಕೆಳಗೆ ನುಗ್ಗುತ್ತ, ನೂರಾರು ವರ್ಷ ಸಿಕ್ಕಿಹಾಕಿಕೊಂಡು, ಮೇಲಿನದನ್ನು ಬಿಲ್ಲಿನ ಹಾಗೆ ಬಗ್ಗಿಸಿ, ಎರಡು ಸಾವಿರದ ನಾಲ್ಕರಲ್ಲಿ ಒಮ್ಮೆಲೇ ಬಿಟ್ಟುಕೊಂಡು ಕಡಲನ್ನೇ ಎತ್ತಿ ಎಸೆಯಿತು ಅಂತ ಓದಿದೆ. ಕೆಲವೆಡೆ ನೀರು ಮೊದಲು ಹಿಂದೆ ಸರಿದಾಗ ಜನ ಬೆರಗಾಗಿ ಮೀನು ಆರಿಸಲು ಹೋದರು ಅಂದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಚಿಲಿಯಲ್ಲಿ ನೆಲ ನಡುಗಿ ಎದ್ದ ಅಲೆ ಇಡೀ ಸಾಗರ ದಾಟಿ ಮರುದಿನ ಜಪಾನಿನವರನ್ನು ಕೊಂದಿತು ಅಂದರೆ ನಂಬಲಿಲ್ಲ, ನಕಾಶೆ ತೋರಿಸಬೇಕಾಯಿತು. ಆಮೇಲೆ ಲಿಸ್ಬನ್ನಿನ ಫಲಕ. ಎರಡೂವರೆ ಶತಮಾನದ ಹಿಂದೆ, ದೊಡ್ಡ ಹಬ್ಬದ ದಿನ, ಜನರೆಲ್ಲ ಇಗರ್ಜಿಗಳಲ್ಲಿ ಮೊಣಕಾಲೂರಿದ್ದಾಗ ನಡುಗಿತು, ಇಗರ್ಜಿಗಳೇ ಅವರ ಮೇಲೆ ಬಿದ್ದವು, ಉಳಿದವರು ನದಿಯ ಕಡೆ ಓಡಿದರೆ ಅಲ್ಲಿ ಅಲೆ ಬಂತು. ದೇವರ ಸಿಟ್ಟು ಅಂದರಂತೆ ಅಲ್ಲಿನ ಪಾದ್ರಿಗಳೂ. ಅಜ್ಜಿ ಮೆಂತ್ಯದ ಸೊಪ್ಪು ಬಿಡಿಸುತ್ತಲೇ, 'ಪೂಜಾ ಮಾಡ್ಕೋತ ಕುಂತವ್ರ ಮ್ಯಾಲ ಬಿತ್ತಂದ್ರ ಅದು ಸಿಟ್ಟಲ್ಲ ಬಿಡು' ಅಂದಳು. ನನಗೆ ಎದ್ದು ಕುಣಿಯಬೇಕು ಅನಿಸಿತು. ಅಷ್ಟರಲ್ಲೇ ನಿಲ್ಲಿಸಬೇಕಿತ್ತು. ಗೆದ್ದೆ ಅನ್ನುವ ಖುಷಿಯಲ್ಲಿ ಮರುದಿನ ಕಿಲ್ಲಾರಿಯ, ಅಂದರೆ ನಮ್ಮೂರನ್ನು ಕೆಡವಿದ ತೊಂಬತ್ತಮೂರರ ಭೂಕಂಪದ ಫಲಕ ತೆಗೆದೆ.

ಅದರಲ್ಲಿ ಎಲ್ಲ ನಮ್ಮದೇ ಇತ್ತು. ಹಲಗೆಯ ಅಂಚಿನಲ್ಲಿ ಅಲ್ಲ, ನಟ್ಟನಡುವೆ, ಯಾರೂ ಅನುಮಾನಪಡದ ಗಟ್ಟಿ ಕಪ್ಪುಕಲ್ಲಿನ ಕೆಳಗೆ ಹಳೆಯದೊಂದು ಬಿರುಕು ಇತ್ತು ಅನ್ನುವುದು. ಹಿಮಾಲಯದ ತಿಕ್ಕಾಟದ ಒತ್ತಡ ಅಷ್ಟು ದೂರ ಬಂದು ಅಲ್ಲಿ ಸೇರಿಕೊಂಡದ್ದು. ಹಿಂದಿನ ವರ್ಷ ಸಣ್ಣ ಸಣ್ಣದಾಗಿ ನಡುಗಿ ಹೆದರಿಸಿ ಸುಮ್ಮನಾದದ್ದು, ಗಣಪತಿ ಕಳಿಸಿ ಬಂದು ಮಣ್ಣಿನ ಛಾವಣಿಯ ಮಾಳಿಗೆಮನೆಗಳಲ್ಲಿ ಮಲಗಿದವರ ಮೇಲೆ ಊರು ಬಿದ್ದದ್ದು. ಕೊನೆಯ ಸಾಲಿನ ಮೇಲೆ ನಾನು ಒಂದಿಡೀ ಮಧ್ಯಾಹ್ನ ಕೂತಿದ್ದೆ. 'ನೆಲ ನಡುಗಿದ್ದು ಕೆಲವು ಕ್ಷಣ. ಕೊಂದದ್ದು ನೆಲವಲ್ಲ, ಸೋರದಿರಲೆಂದು ವರುಷ ವರುಷವೂ ಅಕ್ಕರೆಯಿಂದ ಮಾಳಿಗೆಗೆ ಏರಿಸುತ್ತ ಬಂದ ಮಣ್ಣು.' ಅಕ್ಕರೆಯಿಂದ ಅನ್ನುವುದು ಮೂಲದಲ್ಲಿ ಇರಲಿಲ್ಲ, ನಾನು ಸೇರಿಸಿದ್ದು. ಓದಿದೆ. ಸಾಲಿನ ನಡಿಗೆ ಹಿಡಿಸಿ ಇನ್ನೊಮ್ಮೆ ಓದಿದೆ. ತಲೆ ಎತ್ತಿದಾಗ ಸೊಪ್ಪು ಬಿಡಿಸುತ್ತಿದ್ದ ಅಜ್ಜಿಯ ಕೈ ನಿಂತಿತ್ತು, ಅವಳು ನನ್ನನ್ನಲ್ಲ, ಬಾಗಿಲನ್ನು ನೋಡುತ್ತಿದ್ದಳು. ಅಲ್ಲಿ ನೀವು ಒಂದು ಬೂಟು ಬಿಚ್ಚಿ ಇನ್ನೊಂದು ಬಿಚ್ಚದೆ ನಿಂತಿದ್ದಿರಿ. 'ಅವ್ವಗ ಗೊತ್ತಾತು' ಅಂದಿರಿ, ಯಾರಿಗೂ ಅಲ್ಲ, ನೆಲಕ್ಕೆ. ಆಮೇಲೆ ಕೈ ತೊಳೆಯಲು ಹೋದಿರಿ. ನಾನು ಪೆದ್ದಿ, ನಿಮಗೆ ಸುಸ್ತಾಗಿದೆ ಅಂದುಕೊಂಡೆ.

ನೀವು ಹೋದ ಮೇಲೆ ಅಮ್ಮ ಹೇಳಿದಳು. ಅವಳ ಮೇಲೆ ಸಿಟ್ಟಾಗಬೇಡಿ. ಮದುವೆಯಾದ ಹೊಸದರಲ್ಲಿ ಯಾರದೋ ಛತ್ತಿನ ಮೇಲೆ ಕೂತು ಒಮ್ಮೆ ಹೇಳಿದ್ದಿರಂತೆ, ಅವ್ವನ ಕಿವಿಗೆ ಬೀಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದಿರಂತೆ. ಹಿಂದಿನ ವರ್ಷದ ನಡುಕಕ್ಕೆ ಮಾಳಿಗೆ ಬಿರುಕುಬಿಟ್ಟು ಪ್ರೇಮಾವತಿ ಅತ್ತೆ ಮಲಗುವ ಹೊರಸಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕಾಶಪ್ಪ ಅಜ್ಜನಿಗೆ ನಡುನೋವು. ಬೇಸಿಗೆಯಲ್ಲಿ ಪ್ರತಿ ಮನೆಯವರೂ ನೀರು ಇಳಿಯದಂತೆ ಒಂದು ಪದರ ಸವುಳು ಮಣ್ಣು ಹಾಕುವ ರೂಢಿ, ಹದಿನಾರು ವರ್ಷದ ನೀವು ಒಬ್ಬರೇ ಹಳ್ಳದಿಂದ ಹೊತ್ತು ತಂದು ಎರಡು ಪದರ ಹಾಕಿದಿರಿ, ತುಳಿದು ಗಟ್ಟಿ ಮಾಡಿದಿರಿ. ತಂಗಿಗೆ ಹನಿ ಬೀಳಬಾರದು ಅಂತ. ಆ ಮಳೆಗಾಲದಲ್ಲಿ ಊರಲ್ಲೆಲ್ಲ ಸೋರಿತು, ನಮ್ಮ ಮನೆ ಸೋರಲಿಲ್ಲ, ನಿಮ್ಮ ಹೆಸರು ಹಿಡಿದು ಚನ್ನವೀರನ ಮಾಳಿಗೆ ಅಂತ ಜನ ಹೊಗಳಿದರು. ಆ ರಾತ್ರಿ ನೀವು ಗಣಪತಿ ಕಳಿಸಿ ಹುಡುಗರ ಜೊತೆ ಗುಡಿಯ ಕಟ್ಟೆಯ ಮೇಲೆ ಮಲಗಿದ್ದಿರಿ. ಬೆಳಗಾಗುವುದರೊಳಗೆ ಆ ಮಾಳಿಗೆ ಅಜ್ಜನ ಮೇಲೂ ಅತ್ತೆಯ ಮೇಲೂ ಬಿದ್ದಿತ್ತು. ಅಮ್ಮ ಇನ್ನೊಂದು ಮಾತು ಹೇಳಿದಳು, ನಿಮ್ಮನ್ನು ತಿನ್ನುತ್ತಿರುವುದು ಮಣ್ಣಿಗಿಂತ ಹೆಚ್ಚಾಗಿ ನಿಮ್ಮ ಮೌನ ಅಂತ. ಅವ್ವ ತಪ್ಪೆಲ್ಲ ತನ್ನ ಹರಕೆಯ ಮೇಲೆ ಹಾಕಿಕೊಂಡಾಗ ನೀವು ಬಾಯಿ ಬಿಡಲಿಲ್ಲ, ಪ್ರತಿ ವರ್ಷ ಅವಳು ಉಪವಾಸ ಕೂತಾಗಲೂ ಬಿಡಲಿಲ್ಲ.

ಅಪ್ಪಾ, ನಾನು ಹೊರಗಿನವರ ಜೊತೆ ತಾನಾಗಿ ಮಾತಿಗಿಳಿಯುವವಳಲ್ಲ, ನಿಮಗೆ ಗೊತ್ತು. ಆದರೂ ನಿಮಗಾಗಿ ನಮ್ಮ ಆಫೀಸಿನಲ್ಲಿ ಫಲಕಗಳ ವಿಜ್ಞಾನ ನೋಡಿಕೊಳ್ಳುವ ಸ್ವಪ್ನಿಲ್‌ನ ಟೇಬಲ್ಲಿನ ಮುಂದೆ ಹೋಗಿ ನಿಂತೆ. ಅವನು ಎರಡು ಸಲ ಚಹ ತರಿಸಿ ಕಾದ ಮೇಲೆ ಬಾಯಿ ಬಂತು. ಆ ವರ್ಷದ ಎರಡು ಪದರ ಇರದಿದ್ದರೆ ಮಾಳಿಗೆ ನಿಲ್ಲುತ್ತಿತ್ತಾ ಅಂತ ಕೇಳಿದೆ. ನಿಲ್ಲುತ್ತಿರಲಿಲ್ಲ ಅನ್ನುತ್ತಾನೆ, ಅದನ್ನೇ ನಿಮಗೆ ಬರೆಯುತ್ತೇನೆ ಅಂದುಕೊಂಡಿದ್ದೆ. ಅವನು ಒಳ್ಳೆಯವನು, ಸುಳ್ಳು ಹೇಳಲಿಲ್ಲ. ಗೋಡೆಗಳೇ ಉಂಡೆಗಲ್ಲಿನವು, ನಡುವೆ ಬರೀ ಕೆಸರು, ಮಾಳಿಗೆಯ ಮೇಲೆ ನಿಮ್ಮ ಮುತ್ತಜ್ಜನ ಕಾಲದಿಂದ ಬಂದ ಪದರಗಳು, ಅವುಗಳಲ್ಲಿ ಯಾವ ಪದರ ಕೊಂದಿತು ಅಂತ ಯಾವ ವಿಜ್ಞಾನವೂ ಹೇಳಲಾರದು, ಇರದಿದ್ದರೆ ಉಳಿಯುತ್ತಿದ್ದರು ಅಂತಲೂ ಹೇಳಲಾರದು, ಉಳಿಯುತ್ತಿರಲಿಲ್ಲ ಅಂತಲೂ ಹೇಳಲಾರದು ಅಂದ. ನಿಮಗೂ ನಾನು ಸುಳ್ಳು ಬರೆಯಲಾರೆ. ಅವತ್ತಿನಿಂದ ಇಷ್ಟೇ ಯೋಚಿಸುತ್ತೇನೆ, ಒಂದು ಇಡೀ ದೇಶದ ನೆಲ, ಮನುಷ್ಯ ಹುಟ್ಟುವ ಮೊದಲಿನಿಂದ ತಳ್ಳುತ್ತ ಬಂದದ್ದು, ನಮ್ಮ ಊರಿನ ಕೆಳಗೆ ಬಿಚ್ಚಿಕೊಂಡಿತು. ಅಷ್ಟನ್ನೂ ಹದಿನಾರರ ಹುಡುಗನ ಬುಟ್ಟಿಗೆ ತುಂಬಿದರೆ ಅವನು ಹೇಗೆ ಹೊತ್ತಾನು? ನೀವು ಹೊತ್ತಿದ್ದೀರಿ. ಹೊತ್ತುಕೊಂಡೇ ಊರವರ ಛತ್ತುಗಳನ್ನೆಲ್ಲ ಹಗುರ ಮಾಡುತ್ತ ಬಂದಿರಿ. ಇನ್ನು ಇಳಿಸಿ. ಆ ಕಲ್ಲುಗಳ ಕೆಳಗೆ ಯಾರೂ ಇಲ್ಲ ಅಪ್ಪಾ, ಅವತ್ತೇ ಎಲ್ಲರನ್ನೂ ತೆಗೆದಿದ್ದಾರೆ, ನೀವೇ ಜೊತೆಗಿದ್ದು ತೆಗೆದಿರಿ ಅಂತ ಕಾಕಾ ಹೇಳಿದ. ಮತ್ತೆ ಏನು ಹುಡುಕುತ್ತೀರಿ?

ಫಲಕದ ಆ ಸಾಲು ಇನ್ನೂ ಅಚ್ಚಿಗೆ ಹೋಗಿಲ್ಲ. ಅಳಿಸಿಬಿಡಲೇ ಅಂತ ದಿನಾ ತೆರೆಯುತ್ತೇನೆ. ಆದರೆ ಆ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಮಾಳಿಗೆಗೆ ಮಣ್ಣು ಏರಿಸುವ ಮನೆಗಳಿವೆ, ಅದರ ಕೆಳಗೆ ಮಕ್ಕಳು ಮಲಗುತ್ತಾರೆ. ಅಳಿಸಬೇಕೋ ಬೇಡವೋ ಹೇಳಬೇಕಾದವರು ನೀವು. ಬಂದು ಹೇಳಿ. ಬೈದು ಹೇಳಿ, ಹೊಡೆದು ಹೇಳಿ, ಬಂದು ಹೇಳಿ. ಅಮ್ಮ ಆಫೀಸಿನಿಂದ ಬಂದವಳು ಸೀದಾ ನಮ್ಮ ಕಟ್ಟಡದ ಛತ್ತಿಗೆ ಹೋಗಿ ಕೊಡೆ ಹಿಡಿದು ನಿಲ್ಲುತ್ತಾಳೆ, ಅಲ್ಲಿಂದ ಬಸ್‌ಸ್ಟಾಪು ಕಾಣುತ್ತದೆ. ನಾನು ಅವಳನ್ನು ಕರೆಯಲು ಹೋಗುವುದಿಲ್ಲ. ಮನೆಯಲ್ಲಿ ಮೂವರು ಹೆಂಗಸರು ಒಬ್ಬರನ್ನೊಬ್ಬರು ನೋಡದೆ ಉಣ್ಣುತ್ತೇವೆ.

ಗುಳಿಗೆ ಬೆಳಿಗ್ಗೆ ಒಂದು, ಊಟವಾದ ಮೇಲೆ. ಬಿಸಿಲಿಗೆ ಟವೆಲ್ ಕಟ್ಟಿಕೊಳ್ಳಿ. ಬಾವಿಯ ಕಡೆ ಹೋಗಬೇಡಿ, ಇದು ನನ್ನ ಬೇಡಿಕೆ ಅಲ್ಲ, ಅಪ್ಪಣೆ. ಮಗಳು ಅಪ್ಪಣೆ ಕೊಡಬಾರದು ಅಂತ ಇದ್ದರೆ ವಾಪಸ್ ಬಂದು ಕಲಿಸಿ. ಕಾಕಾನಿಗೂ ಅವನ ಮನೆಯವರಿಗೂ ನನ್ನ ಶರಣು. ಅಮ್ಮ ಏನೂ ಬರೆಯಬೇಡ ಅಂದಳು, ಅಂದರೆ ಎಲ್ಲ ಬರೆ ಅಂತ.

ನಿಮ್ಮ ಪಾದ ಹಿಡಿದ ಮಗಳು,
ದೀಪಾಲಿ

ಮುಗಿಸಿದ ಕಾಗದ ಮತ್ತೆ ತೆರೆದಿದ್ದೇನೆ. ಇದು ಅಂಚೆಗೆ ಹೋಗಲಿಲ್ಲ. ಇವತ್ತು ಬೆಳಿಗ್ಗೆ ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ಅಜ್ಜಿ ಅದನ್ನು ಕೈಯಿಂದ ತೆಗೆದುಕೊಂಡು, 'ಕೊಡ, ನಾನಽ ಒಯ್ತೀನಿ' ಅಂದಳು. ಇಷ್ಟು ದಿನಗಳಲ್ಲಿ ಅವಳ ಮೊದಲ ಮಾತು. ಸ್ವಾರಗೇಟಿನಿಂದ ಉಮರ್ಗಾ ಬಸ್ಸು ಹಿಡಿದೆವು. ಈಗ ಸೊಲ್ಲಾಪುರ ದಾಟಿದೆ, ಬಸ್ಸು ಕುಣಿಯುತ್ತಿದೆ, ಅಕ್ಷರ ಕ್ಷಮಿಸಿ. ದಾರಿಯಲ್ಲಿ ಈ ಕಾಗದ ಪೂರ್ತಿ ಓದಿಸಿಕೊಂಡಳು, ಆಮೇಲೆ ಹೇಳಿದಳು. ಎದುರಿಗೆ ನಿಂತಾಗ ಇದನ್ನು ಹೇಳುತ್ತಾಳೋ ಇಲ್ಲವೋ, ಅವಳ ಸ್ವಭಾವ ನಿಮಗೆ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ. ಅವಳಿಗೆ ಮೊದಲಿನಿಂದ ಗೊತ್ತಿತ್ತು ಅಪ್ಪಾ. 'ಅಂವ ಮ್ಯಾಲ ಮಣ್ಣು ತುಳಿಯುವಾಗ ಕೆಳಗ ತೊಲಿ ಕರ್ ಅಂದಿದ್ದು ನಾ ಕೇಳಿದ್ದೆ. ಸೋರೂದು ನಿಂತಿತಲ್ಲ ಅಂತ ಸುಮ್ಮನಾದೆ. ಊರು ಬಿದ್ದ ಮ್ಯಾಲ ತಗಡಿನ ಶೆಡ್ಡಿನಾಗ ಇದ್ದಾಗ ಮಂದಿ ಕೇಳಾಕ ಹತ್ತಿದ್ರು, ನಿಮ್ಮ ಮಾಳಿಗಿನಽ ಯಾಕ ಹಂಗ ಕುಸಿದು ಕುಂತ್ತು, ಈ ಸಲ ಹುಡುಗ ಎಷ್ಟು ಮಣ್ಣು ಹಾಕಿದ್ದ ಅಂತ. ಹುಡುಗ ಹೊರಗ ನೀರಿಗೆ ಹೋಗಿದ್ದ. ಬರೂದರಾಗ ಅಂದೆ, ಹರಕಿ ಮುರಿದಾಕಿ ನಾನು, ದೇವಿ ಸಿಟ್ಟು ನನ್ನ ಮ್ಯಾಲ ಅಂತ. ಮುಂದ ಯಾರೂ ಮಣ್ಣಿನ ಸುದ್ದಿ ತೆಗೀಲಿಲ್ಲ. ಹೇಳ್ತ ಹೇಳ್ತ ನನಗೂ ಖರೆ ಅನಸಾಕ ಹತ್ತಿತು.' ಇಷ್ಟು ಹೇಳಿ ಕಂಡಕ್ಟರನಿಗೆ ಇನ್ನೆಷ್ಟು ದೂರ ಅಂತ ಕೇಳಿದಳು. ನಾನು ರಸ್ತೆಯ ಹತ್ತಿರವೇ ನಿಂತಿರುತ್ತೇನೆ, ಮುಂದೆ ಬರಲು ನನಗೆ ಧೈರ್ಯವಿಲ್ಲ. ಅವಳು ಇದನ್ನು ನಿಮ್ಮ ಕೈಗಿಟ್ಟು ಸುಮ್ಮನೆ ನಿಂತಿರುತ್ತಾಳೆ. ಇಲ್ಲಿಯವರೆಗೆ ಓದಿದ್ದರೆ ಸಾಕು, ಉಳಿದದ್ದು ಆಮೇಲೆ. ಸೀಟು ಸಿಗದೆ ಅರ್ಧ ದಾರಿ ಇಬ್ಬರೂ ನಿಂತೇ ಬಂದಿದ್ದೇವೆ ಅಪ್ಪಾ, ಅವಳ ಕಾಲು ಬಾತಿವೆ. ತೆಗೆದಿಟ್ಟ ಕಲ್ಲುಗಳಲ್ಲಿ ಸಪಾಟಾದದ್ದೊಂದು ನೋಡಿ ಅವಳಿಗೆ ಕೂರಲು ಹಾಕಿ.